ಫಾರ್ಮಿನಿಂದ ಲೆಕ್ಕವನ್ನು ಹೊರಗೆಳೆದ ಆರು ವಾರ: ವಿಬಿ 6 ಬಲ್ಲವರಿಗೆ ಸಿ ಶಾರ್ಪ್ ಕಲಿಸಿದ ನನ್ನ ಅನುಭವ

ಹನ್ನೆರಡು–ಹದಿನೈದು ವರ್ಷ ವಿಬಿ 6ರಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಹಳೆಯ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್ 6ರಲ್ಲಿ, ಪಳಗಿದವರಿಗೆ ಅದೇ ಕಂಪನಿಯ ಹೊಸ ಭಾಷೆ ಸಿ ಶಾರ್ಪ್‌ನಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುವುದನ್ನು ಕಲಿಸುವುದಕ್ಕಿಂತ, ಕಾಲೇಜು ಮುಗಿಸಿದ ಹೊಸಬರನ್ನು ತಂದು ಕೂರಿಸಿಕೊಳ್ಳುವುದು ಅಗ್ಗವೆಂದು ಹುಬ್ಬಳ್ಳಿಯಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಮೊದಲೆರಡು ತಂಡಗಳ ಮಟ್ಟಿಗೆ ಅವರ ಮಾತೇ ಗೆದ್ದಿತು. ಮೂರನೆಯ ತಂಡದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರೆದ ಪರದೆಗಳು ಗಿರಾಕಿಗಳ ಅಂಗಡಿಗಳಲ್ಲಿ ಓಡತೊಡಗಿದ ಮೇಲೆ, ನಾನು ಏನು ಮಾಡಿದೆನೆಂದು ಅದೇ ಜನ ಕೇಳತೊಡಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇವರೆಲ್ಲ ಎಪಿಎಂಸಿ ದಲಾಲಿ ಅಂಗಡಿಗಳಿಗೆ ತಂತ್ರಾಂಶ ಬರೆದುಕೊಡುವವರು. ಚೀಲದ ತೂಕ, ಹಮಾಲಿ, ದಲಾಲಿ, ಕಡಿತ, ರೈತನ ಕೈಗೆ ಕೊಡುವ ಪಟ್ಟಿ, ಖರೀದಿದಾರನ ಬಿಲ್ಲು, ಇಷ್ಟೇ ಅವರ ಲೋಕ. ವಿಬಿ 6ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2008ರ ಏಪ್ರಿಲ್‌ನಲ್ಲೇ ಮುಗಿದಿದ್ದರೂ, ಅದರಲ್ಲಿ ಬರೆದ ಪ್ರೋಗ್ರಾಮುಗಳು ಹೊಸ ವಿಂಡೋಸ್‌ನಲ್ಲಿಯೂ ಓಡುತ್ತಲೇ ಇದ್ದುದರಿಂದ ಯಾರಿಗೂ ಅವಸರವಿರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಿಸಿ ಮುಟ್ಟಿತು. ಒಂದು ಸಂಸ್ಥೆಯಲ್ಲಿ ತೆರಿಗೆಯ ಒಂದೇ ಲೆಕ್ಕ ಹದಿನಾಲ್ಕು ಫಾರ್ಮುಗಳ (ಗುಮಾಸ್ತ ತುಂಬುವ ಪರದೆಗಳ) ಬಟನ್‌ಗಳ ಹಿಂದೆ ನಕಲಾಗಿ ಕುಳಿತಿತ್ತು. ಹನ್ನೆರಡನ್ನು ತಿದ್ದಿ ಎರಡನ್ನು ಮರೆತದ್ದು ಅವರಿಗೆ ಗೊತ್ತಾದದ್ದು ಗಿರಾಕಿಯ ಲೆಕ್ಕಪರಿಶೋಧಕರಿಂದ.

ಮೊದಲ ತಂಡ ಆ ವರ್ಷದ ದೀಪಾವಳಿಯ ನಂತರ ಸೇರಿತು. ಒಂಬತ್ತು ಜನ, ತಲೆಗೆ ಸುಮಾರು 12 ಸಾವಿರ ಶುಲ್ಕ. ಎಲ್ಲ ಪುಸ್ತಕಗಳಲ್ಲಿರುವಂತೆ ಪ್ರಾಣಿ ಒಂದು ಕ್ಲಾಸ್ (ದತ್ತಾಂಶವನ್ನೂ ಅದರ ಕೆಲಸವನ್ನೂ ಒಟ್ಟಿಗೆ ಕಟ್ಟಿದ ಅಚ್ಚು), ನಾಯಿ ಅದರ ಮಗ ಎಂದು ಪಾಠ ಶುರುಮಾಡಿದೆ. ಎರಡನೆಯ ದಿನ ನನಗಿಂತ ಹಿರಿಯರಾದ ಒಬ್ಬರು ಎದ್ದುನಿಂತು, "ಸರ್, ನಾಯಿ ಬೊಗಳೋದು ನಮ್ಮ ಬಿಲ್ಲಿಗೆ ಎಲ್ಲಿ ಬರ್ತೈತ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಮಾತ್ರ ನನ್ನಲ್ಲಿರಲಿಲ್ಲ. ಮೂರನೆಯ ವಾರಕ್ಕೆ ನಾಲ್ಕೇ ಜನ ಉಳಿದರು. ಮಾಲೀಕರು ಅರ್ಧ ಶುಲ್ಕವನ್ನಷ್ಟೇ ಕೊಟ್ಟರು. ಹಾಲಿನ ಬಾಡಿಗೆ, ಬಾಡಿಗೆಗೆ ತಂದ ಕಂಪ್ಯೂಟರುಗಳು, ಜನರೇಟರಿನ ಡೀಸೆಲ್, ಊಟ–ಚಹಾ ಎಲ್ಲ ಸೇರಿ ನನ್ನ ಕೈಯಿಂದ ಮೂವತ್ತು ಸಾವಿರದಷ್ಟು ಹೋಯಿತು.

ಎರಡನೆಯ ತಂಡಕ್ಕೆ ಎರಡು ಉಪಾಯ ಹೂಡಿದೆ, ಎರಡೂ ಕೆಟ್ಟವು. ಸಿ ಶಾರ್ಪ್ ಬದಲು ವಿಬಿಯ ಹೊಸ ರೂಪವಾದ ವಿಬಿ ಡಾಟ್‌ನೆಟ್ ಹಿಡಿದರೆ ಭಾಷೆ ಪರಿಚಿತವಾಗಿರುತ್ತದೆಂದುಕೊಂಡಿದ್ದೆ, ಆದರೆ ಆ ಪರಿಚಯವೇ ಮುಳುವಾಯಿತು. ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ (ತಪ್ಪಾದರೂ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಎಂಬ ಆಜ್ಞೆ) ಅಲ್ಲಿಯೂ ನಡೆಯುತ್ತದೆ, ಫಾರ್ಮಿನ ಹೆಸರನ್ನೇ ಕರೆದು ತೆರೆಯುವ ರೂಢಿ ಅಲ್ಲಿಯೂ ನಡೆಯುತ್ತದೆ, ಹೀಗಾಗಿ ಒಂದು ತಿಂಗಳ ನಂತರ ಅವರ ಕೈಯಲ್ಲಿದ್ದದ್ದು ಹೊಸ ಅಂಗಿ ತೊಟ್ಟ ಹಳೆಯ ಪ್ರೋಗ್ರಾಮು. ವಿಷುಯಲ್ ಸ್ಟುಡಿಯೋ 2008ರವರೆಗೆ ಇದ್ದ ಹಳೆಯ ಕೋಡನ್ನು ತಾನೇ ಬದಲಿಸಿಕೊಡುವ ಪರಿವರ್ತನೆಯ ವಿಝಾರ್ಡನ್ನೂ ಒಮ್ಮೆ ಓಡಿಸಿ ನೋಡಿದೆ. ಒಂದು ಫಾರ್ಮಿನಲ್ಲಿ ಅದು ಬರೆದಿಟ್ಟ ಎಚ್ಚರಿಕೆಯ ಸಾಲುಗಳು ಮೂಲ ಕೋಡಿನ ಸಾಲುಗಳಿಗಿಂತ ಹೆಚ್ಚಿದ್ದವು. ಇನ್ನೊಂದು ಉಪಾಯ ಉಳಿದವರನ್ನು ನೇರವಾಗಿ, ಪರದೆ ಕಟ್ಟುವ ಮೈಕ್ರೋಸಾಫ್ಟ್‌ನ ಇನ್ನೊಂದು ವಿಧಾನವಾದ ಡಬ್ಲ್ಯುಪಿಎಫ್‌ಗೆ ಇಳಿಸಿದ್ದು. ಪೆಟ್ಟಿಗೆಯನ್ನು ದತ್ತಾಂಶಕ್ಕೆ ಜೋಡಿಸುವ ಬೈಂಡಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಪ್ರೋಗ್ರಾಮು ಬೀಳುವುದಿಲ್ಲ, ಪೆಟ್ಟಿಗೆ ಖಾಲಿ ಕಾಣುತ್ತದೆ ಅಷ್ಟೆ. ತಪ್ಪಿನ ಸುದ್ದಿ ಔಟ್‌ಪುಟ್ ಕಿಟಕಿಯ ಮೂಲೆಯಲ್ಲಿ ಬಿದ್ದಿರುತ್ತದೆ. ಹದಿನೈದು ವರ್ಷದ ಅನುಭವಿಯೊಬ್ಬರು ಖಾಲಿ ಪೆಟ್ಟಿಗೆಯ ಮುಂದೆ ಇಡೀ ಬೆಳಗು ಕುಳಿತದ್ದನ್ನು ನೋಡಿದ ಮೇಲೆ ಅವರ ಆತ್ಮವಿಶ್ವಾಸಕ್ಕೆ ನಾನೇ ಪೆಟ್ಟು ಕೊಡುತ್ತಿದ್ದೇನೆಂದು ತಿಳಿಯಿತು. ಡಬ್ಲ್ಯುಪಿಎಫ್ ಈಗಲೂ ಕಲಿಸುತ್ತೇನೆ, ಆದರೆ ಐದನೆಯ ವಾರದಲ್ಲಿ.

ಮೂರನೆಯ ತಂಡಕ್ಕೆ ಪಾಠದ ಉದಾಹರಣೆಗಳನ್ನೆಲ್ಲ ಬಿಸಾಡಿ, ಪ್ರತಿಯೊಬ್ಬರೂ ಗಿರಾಕಿಯ ಅಂಗಡಿಯಲ್ಲಿ ಈಗಲೂ ಓಡುತ್ತಿರುವ ತಮ್ಮದೇ ಒಂದು ಫಾರ್ಮನ್ನು, ಹಳೆಯ ಇನ್ನೂರು ಪಟ್ಟಿಗಳ ದತ್ತಾಂಶದೊಂದಿಗೆ ತರಬೇಕೆಂದು ಷರತ್ತು ಹಾಕಿದೆ. ಮೊದಲ ಹತ್ತು ದಿನ, ಮೌಸಿನಿಂದ ಬಟನ್–ಪೆಟ್ಟಿಗೆಗಳನ್ನು ಎಳೆದಿಡುವ ಫಾರ್ಮ್ ಡಿಸೈನರ್ ತೆರೆಯುವಂತಿಲ್ಲ. ಇದನ್ನು ಕೇಳಿದ ಮಾಲೀಕರೊಬ್ಬರು, "ಮೌಸ್ ಕಸಗೊಂಡ್ರ ನಮ್ಮ ಹುಡುಗ್ರು ಮೂರನೇ ದಿನಕ್ಕ ಓಡಿ ಹೋಗ್ತಾರ್ರಿ" ಎಂದಿದ್ದರು. ಆ ಹುಡುಗರಲ್ಲಿ ಇಬ್ಬರಿಗೆ ನಲವತ್ತು ದಾಟಿತ್ತು, ಯಾರೂ ಓಡಲಿಲ್ಲ.

ಮೊದಲ ವಾರದ ಕೆಲಸ ಒಂದೇ: ಫಾರ್ಮ್ ಇಲ್ಲದೆ ಪಟ್ಟಿ ಮಾಡುವುದು. ಪಟ್ಟಿ ಎಂಬ ಕ್ಲಾಸು ಚೀಲಗಳನ್ನು ತೆಗೆದುಕೊಳ್ಳಬೇಕು, ಹಮಾಲಿ–ದಲಾಲಿಯನ್ನು ತಾನೇ ಲೆಕ್ಕ ಹಾಕಬೇಕು, ರೈತನಿಗೆ ಸಲ್ಲುವ ಮೊತ್ತವನ್ನು ಹೇಳಬೇಕು, ಎಲ್ಲವೂ ಕಪ್ಪು ಕನ್ಸೋಲ್ ಕಿಟಕಿಯಲ್ಲಿ. ಇನ್ನೂರು ಹಳೆಯ ಪಟ್ಟಿಗಳನ್ನು ಅದರೊಳಗೆ ಹಾಯಿಸಿ ಪೈಸೆ ಬಿಡದೆ ತಾಳೆ ನೋಡಬೇಕು. ಒಬ್ಬರಿಗೆ ಮೂರು ಪಟ್ಟಿಗಳಲ್ಲಿ ಒಂದೊಂದು ರೂಪಾಯಿ ವ್ಯತ್ಯಾಸ ಬಂತು. ಸಿ ಶಾರ್ಪ್‌ನದೇ ತಪ್ಪೆಂದು ಅವರು ವಾದಿಸಿದರು. ಒಂದು ಗಂಟೆ ಅಗೆದಾಗ ಸಿಕ್ಕಿದ್ದೇ ಬೇರೆ: ಹಳೆಯ ಪ್ರೋಗ್ರಾಮಿನಲ್ಲಿ ಮೊತ್ತವನ್ನು ಉಳಿಸುವಾಗ ರೌಂಡ್, ಕಾಗದದ ಮೇಲೆ ಮುದ್ರಿಸುವಾಗ ಫಾರ್ಮ್ಯಾಟ್ ಬಳಸಿದ್ದರು. ವಿಬಿ 6ರ ರೌಂಡ್‌ಗೆ 2.5 ಕೊಟ್ಟರೆ 2 ಬರುತ್ತದೆ, ಫಾರ್ಮ್ಯಾಟ್‌ಗೆ ಕೊಟ್ಟರೆ 3 ಬರುತ್ತದೆ. ರೈತನ ಕೈಯಲ್ಲಿದ್ದ ಕಾಗದಕ್ಕೂ ಅಂಗಡಿಯ ಖಾತೆಗೂ ವರ್ಷಗಳಿಂದ ಒಂದು ರೂಪಾಯಿ ಹೊಂದುತ್ತಿರಲಿಲ್ಲ. ಲೆಕ್ಕ ಒಂದೇ ಕಡೆ ಇರಬೇಕೆಂಬುದನ್ನು ಆ ದಿನದ ನಂತರ ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ಎರಡನೆಯ ವಾರ ಅದೇ ಪಟ್ಟಿಗೆ ಎರಡು ಕಿಟಕಿಗಳು: ಒಂದು ಗುಮಾಸ್ತನ ಕಡೆಗೆ, ಇನ್ನೊಂದು ರೈತನ ಕಡೆಗೆ ತಿರುಗಿಸಿಟ್ಟ ಪರದೆಗೆ. ಗುಮಾಸ್ತ ಒಂದು ಚೀಲ ಸೇರಿಸಿದರೆ ಎರಡೂ ಬದಲಾಗಬೇಕು, ಆದರೆ ಒಂದು ಕಿಟಕಿಯ ಕೋಡಿನಲ್ಲಿ ಇನ್ನೊಂದರ ಹೆಸರು ಕಾಣಬಾರದು. ಎಲ್ಲರೂ ಮೊದಲು, ಯಾವ ಫಾರ್ಮಿಗೂ ಕೈಗೆಟುಕುವ ಗ್ಲೋಬಲ್ ಮಾಡ್ಯೂಲಿಗೇ ಕೈಹಾಕಿದರು, ಎರಡು ದಿನ ಒದ್ದಾಡಿದರು, ಕೊನೆಗೆ ಪಟ್ಟಿಯೇ "ನಾನು ಬದಲಾದೆ" ಎಂದು ಕೂಗುವಂತೆ ತಾವಾಗಿಯೇ ಇವೆಂಟ್ ಬರೆದರು. ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಬಳುವಳಿಯಾಗಿ ಪಡೆಯುವ ಇನ್‌ಹೆರಿಟೆನ್ಸನ್ನು ಈ ಎರಡು ವಾರ ಪೂರ್ತಿ ನಿಷೇಧಿಸಿದ್ದೆ, ಏಕೆಂದರೆ ಎರಡನೆಯ ತಂಡದಲ್ಲಿ ಎಲ್ಲ ಫಾರ್ಮುಗಳಿಗೂ ತಾಯಿಯೆಂದು ಮೂರು ಸಾವಿರ ಸಾಲಿನ ಒಂದು ಫಾರ್ಮನ್ನು ಕಟ್ಟಿ ಅದರಡಿ ಸಿಲುಕಿದವರನ್ನು ಕಂಡಿದ್ದೆ.

ಇವೆಂಟ್ ಸಿಕ್ಕ ಸಂಭ್ರಮದಲ್ಲಿದ್ದವರಿಗೆ ಮರುದಿನ ಒಂದು ಆಟ ತೋರಿಸಿದೆ. ಅಂಗಡಿಯ ದರ ಬದಲಾದಾಗ ಒಂದು ಸಂದೇಶ ತೋರಿಸುವ ಫಾರ್ಮನ್ನು ಐವತ್ತು ಸಲ ತೆರೆದು ಮುಚ್ಚುವಂತೆ ಹೇಳಿ, ಆಮೇಲೆ ದರ ಒಂದು ಸಲ ಬದಲಿಸಿದೆ. ಪರದೆಯ ಮೇಲೆ ಒಂದೂ ಫಾರ್ಮ್ ಇರಲಿಲ್ಲ, ಆದರೂ ಸಂದೇಶದ ಪೆಟ್ಟಿಗೆ ಒಂದಾದ ಮೇಲೊಂದರಂತೆ ಐವತ್ತು ಸಲ ಎದ್ದು ಬಂತು. ಎಲ್ಲ ಚಲಕಗಳಿಗೂ (ಮೌಲ್ಯ ಹಿಡಿದಿಡುವ ಹೆಸರುಗಳಿಗೂ) ಶ್ರದ್ಧೆಯಿಂದ ನಲ್, ಅಂದರೆ ಏನೂ ಇಲ್ಲ ಎಂಬ ಮೌಲ್ಯ, ಕೊಟ್ಟು ಮುಗಿಸುತ್ತಿದ್ದವರು ಎಂಟರ್ ಒತ್ತಿ ಒತ್ತಿ ಬೇಸತ್ತರು. ಬದುಕಿರುವ ವಸ್ತುವಿಗೆ ಕಿವಿಗೊಟ್ಟ ಫಾರ್ಮ್ ಸಾಯುವುದಿಲ್ಲವೆಂಬ ಪಾಠ ಅಷ್ಟರಲ್ಲೇ ಮುಗಿಯಿತು. ಇದರ ಜೊತೆಗೆ ಟಾಸ್ಕ್ ಮ್ಯಾನೇಜರಿನಲ್ಲಿ, ಪರದೆಯ ಮೇಲೆ ಬಿಡಿಸಲು ವಿಂಡೋಸ್ ಕೊಡುವ ಫಾಂಟ್–ಪೆನ್ನುಗಳಂಥ ಜಿಡಿಐ ಆಬ್ಜೆಕ್ಟ್‌ಗಳ ಕಾಲಮ್ಮನ್ನು ಯಾವಾಗಲೂ ತೆರೆದಿಡಬೇಕೆಂಬ ನಿಯಮ ಮಾಡಿದೆ. ಪೇಂಟ್ ಆಗುವಾಗಲೆಲ್ಲ ಹೊಸ ಜಿಡಿಐ ಫಾಂಟ್ ಹ್ಯಾಂಡಲ್ ಹುಟ್ಟಿಸಿ ಅದನ್ನು ವಿಂಡೋಸ್‌ಗೆ ಮರಳಿಸದೆ ಬಿಟ್ಟರೆ ಅಂಕಿ ಏರುತ್ತಾ ಹೋಗಿ, ವಿಂಡೋಸ್ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಬಿಡುವ 10,000ದ ಗಡಿ ಮುಟ್ಟಿದಾಗ ಏನಾಗುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ಮೂರನೆಯ ವಾರದ್ದು ತೂಕದ ಯಂತ್ರ. ನಿಜವಾದ ಯಂತ್ರ ತರುವಷ್ಟು ಹಣವಿರಲಿಲ್ಲ, ಆದ್ದರಿಂದ ನಾಲ್ಕುನೂರು ರೂಪಾಯಿ ಆಸುಪಾಸಿನ ಯುಎಸ್‌ಬಿ–ಸೀರಿಯಲ್ ತಂತಿಗಳನ್ನು ತಂದು, ಒಂದು ಹಳೆಯ ಲ್ಯಾಪ್‌ಟಾಪ್‌ಗೆ ತೂಕದ ಯಂತ್ರದ ವೇಷ ಹಾಕಿಸಿದೆ. ವಿಬಿ 6ರಲ್ಲಿ ತೂಕದ ಸುದ್ದಿ ಫಾರ್ಮಿನ ಥ್ರೆಡ್‌ನಲ್ಲೇ (ಕೆಲಸ ಓಡುವ ಎಳೆಯಲ್ಲೇ) ಬರುತ್ತಿತ್ತು; ಡಾಟ್‌ನೆಟ್‌ನ ಸೀರಿಯಲ್‌ಪೋರ್ಟ್ ಅದನ್ನು ಬೇರೊಂದು ಥ್ರೆಡ್‌ನಲ್ಲಿ ತಂದು ಕೊಡುತ್ತದೆ. ಫಾರ್ಮನ್ನು ಅದರದೇ ಥ್ರೆಡ್ ಮಾತ್ರ ಮುಟ್ಟಬೇಕೆಂಬ ತಪಾಸಣೆ ಇರುವುದರಿಂದ, ಲೇಬಲ್ಲಿಗೆ ತೂಕ ಬರೆಯಲು ಹೋದ ಕೂಡಲೇ ಎಲ್ಲರ ಪ್ರೋಗ್ರಾಮೂ ಬಿತ್ತು. ಒಬ್ಬರು ಇಂಟರ್‌ನೆಟ್‌ನಲ್ಲಿ ಹುಡುಕಿ, ಆ ತಪಾಸಣೆಯನ್ನೇ ಆರಿಸಿಬಿಡುವ ಒಂದು ಸಾಲನ್ನು ಸೇರಿಸಿ, "ಮುಗೀತ್ರಿ ಸರ್" ಎಂದು ಕೈಕಟ್ಟಿ ಕುಳಿತರು. ನಾನು ಸುಮ್ಮನಿದ್ದೆ. ಎರಡು ದಿನ ಅವರ ಪ್ರೋಗ್ರಾಮು ಚೆನ್ನಾಗಿಯೇ ಓಡಿತು, ಮೂರನೆಯ ದಿನ ಎಲ್ಲರ ಎದುರಿಗೆ ಪರದೆ ಬಿಳಿಚಿಕೊಂಡು ನಿಂತುಹೋಯಿತು. ಆಮೇಲೆ, ಕೆಲಸವನ್ನು ಫಾರ್ಮಿನ ಥ್ರೆಡ್‌ಗೆ ಒಪ್ಪಿಸುವ ಇನ್ವೋಕ್ ಏಕೆ ಬೇಕೆಂದು ತರಗತಿಗೆ ವಿವರಿಸಿದವರು ಅವರೇ, ನಾನಲ್ಲ.

ಅದೇ ವಾರ 48.350 ಕಿಲೋ ಎಂಬ ತೂಕ "48." ಮತ್ತು "350" ಎಂದು ಎರಡು ತುಂಡಾಗಿ ಬಂದು, ಒಬ್ಬರ ಪಟ್ಟಿಯಲ್ಲಿ 350 ಕಿಲೋದ ಒಂದು ಮೆಣಸಿನಕಾಯಿ ಚೀಲ ದಾಖಲಾಯಿತು, ಬ್ಯಾಡಗಿಯಲ್ಲಿ ಅಂಥ ಚೀಲ ಹೊರುವ ಹಮಾಲ ಸಿಕ್ಕರೆ ನನಗೂ ತೋರಿಸಿ ಎಂದೆ. ಆ ಲ್ಯಾಪ್‌ಟಾಪ್ ಯಾವ ಹೊತ್ತಿಗೆ ಯಾವ ರೀತಿ ಹಟ ಮಾಡಬೇಕೆಂಬ ಪಟ್ಟಿಯೊಂದು ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಡೂ–ಇವೆಂಟ್ಸ್ (ಉದ್ದನೆಯ ಕೆಲಸದ ನಡುವೆಯೇ ಬಾಕಿ ಉಳಿದ ಬಟನ್ ಒತ್ತುಗಳನ್ನೂ ನಡೆಸಿಬಿಡುವ ಆಜ್ಞೆ) ಚಟವನ್ನು ಬಿಡಿಸಿದ್ದು ಹೇಗೆಂದು ಬಹಳ ಜನ ಕೇಳುತ್ತಾರೆ. ಕೋಡನ್ನು ತೋರಿಸಲೇ ಇಲ್ಲ. ದತ್ತಾಂಶ ಉಳಿಸುವುದನ್ನು ಬೇಕೆಂದೇ ಎಂಟು ಸೆಕೆಂಡ್ ತಡ ಮಾಡಿಸಿ, ನಡುವೆ ಡೂ–ಇವೆಂಟ್ಸ್ ಇಟ್ಟು, ಚಹಾ ತಂದಿದ್ದ ಹುಡುಗನನ್ನು ಕರೆದು ಉಳಿಸುವ ಬಟನ್ ಒತ್ತಲು ಹೇಳಿದೆ. ಏನೂ ಆಗದ್ದನ್ನು ಕಂಡು ಅವನು ಇನ್ನೂ ಮೂರು ಸಲ ಒತ್ತಿದ. ಒಂದೇ ಪಟ್ಟಿ ನಾಲ್ಕು ಸಲ ಖಾತೆಗೆ ಬಿತ್ತು. ಗಿರಾಕಿಗಳಿಂದ ವರ್ಷಕ್ಕೆ ಐದಾರು ಸಲ ಬರುತ್ತಿದ್ದ "ಬಿಲ್ ಡಬಲ್ ಆಗೇತಿ" ಎಂಬ ದೂರಿನ ಮೂಲ ಇದೇ ಇರಬೇಕೆಂದು ಇಬ್ಬರು ಅಲ್ಲಿಯೇ ತಲೆ ಚಚ್ಚಿಕೊಂಡರು. ಪರದೆ ನಿಲ್ಲದಂತೆ ಕೆಲಸ ಮುಗಿಯುವುದನ್ನು ಕಾಯುವ ಅಸಿಂಕ್–ಅವೇಟ್ ಕಲಿಸಲು ಆಮೇಲೆ ಅರ್ಧ ದಿನ ಸಾಕಾಯಿತು, ಬಟನ್ನನ್ನು ಮೊದಲೇ ನಿಷ್ಕ್ರಿಯಗೊಳಿಸಬೇಕೆಂಬ ಬುದ್ಧಿ ಅದರ ಜೊತೆಗೇ ಬಂತು.

ನಡುವೆ ಕನ್ನಡದ ಒಂದು ಪ್ರಯೋಗವೂ ನಡೆಯಿತು. ಹಳೆಯ ದತ್ತಾಂಶದಲ್ಲಿ ರೈತರ ಹೆಸರುಗಳು ಯೂನಿಕೋಡ್‌ಗೆ ಮುಂಚಿನ ಫಾಂಟುಗಳ ಸಂಕೇತದಲ್ಲಿದ್ದವು. ಫಾಂಟ್ ಬದಲಿಸಿದರೆ ಹೆಸರಿನ ಜಾಗದಲ್ಲಿ ಲ್ಯಾಟಿನ್ ಅಕ್ಷರಗಳ ಕಸ ಕಾಣುತ್ತಿತ್ತು. ಪರಿವರ್ತನೆಯ ಕೋಷ್ಟಕ ಮಾಡಲು ಇಬ್ಬರು ಒಂದು ವಾರ ಕಳೆದರು, ಅರ್ಕಾವತ್ತು ಮತ್ತು ಒತ್ತಕ್ಷರಗಳ ಕ್ರಮ ಅವರನ್ನು ಚೆನ್ನಾಗಿ ಗೋಳಾಡಿಸಿತು. ಹೆಸರು ಯೂನಿಕೋಡ್‌ಗೆ ಬಂದ ಮೇಲೆಯೂ, ಇಂಗ್ಲಿಷ್ ಅಳತೆಗೆ ಮಾಡಿದ ಲೇಬಲ್ಲಿನಲ್ಲಿ "ಕೃಷ್ಣಪ್ಪ"ನ ಒತ್ತುಗಳ ಕಾಲು ಕತ್ತರಿಸಿಹೋಗುತ್ತಿತ್ತು. ಅಳತೆಯನ್ನು ಅಂಕಿಯಲ್ಲಿ ಕೊಡದೆ, ಜಾಗವನ್ನು ತಾನೇ ಹೊಂದಿಸುವ ಲೇಔಟ್ ಪ್ಯಾನಲ್‌ಗೆ ಬಿಡಬೇಕೆಂದು ನಾನು ಹೇಳುತ್ತಲೇ ಇದ್ದೆ; ಕೇಳಿಸಿದ್ದು ಕೃಷ್ಣಪ್ಪನಿಂದ.

ಹಣದ ಮಾತು. ಮೊದಲೆರಡು ಸಲ ಇಡೀ ದಿನ ಪಾಠವಿದ್ದುದರಿಂದ, ಶುಲ್ಕಕ್ಕಿಂತ ಕೆಲಸ ನಿಂತ ನಷ್ಟವೇ ಮಾಲೀಕರನ್ನು ಕಾಡುತ್ತಿತ್ತು. ಮೂರನೆಯ ಸಲ ಬೆಳಿಗ್ಗೆ ಏಳರಿಂದ ಹತ್ತಕ್ಕೆ ಬದಲಿಸಿದೆ. ಅಂಗಡಿಗಳ ಫೋನು ಶುರುವಾಗುವುದರೊಳಗೆ ಅವರು ಕಚೇರಿಯಲ್ಲಿರುತ್ತಿದ್ದರು. ಶುಲ್ಕವನ್ನು ತಲೆಗೆ ಸುಮಾರು 22 ಸಾವಿರಕ್ಕೆ ಏರಿಸಿ, ಮುಂಗಡವಾಗಿ ಅದರ ಐದನೆಯ ಎರಡು ಪಾಲಿನಷ್ಟೇ ತೆಗೆದುಕೊಂಡೆ. ಉಳಿದದ್ದು, ಕಲಿತವರು ಬರೆದ ಪರದೆ ಒಬ್ಬ ಗಿರಾಕಿಯ ಅಂಗಡಿಯಲ್ಲಿ ಒಂದು ತಿಂಗಳು ಓಡಿದ ಮೇಲೆ. ಈ ಷರತ್ತಿಗೆ ನನ್ನ ಮನೆಯವರೇ ಹೆದರಿದ್ದರು. ಹತ್ತು ಮಂದಿಯದು ಪೂರ್ತಿ ಬಂತು. ಹನ್ನೊಂದನೆಯವರು ನಾಲ್ಕನೆಯ ವಾರದಲ್ಲಿ ಬೆಂಗಳೂರಿಗೆ ಬೇರೆ ಕೆಲಸ ಹಿಡಿದು ಹೋದರು, ಅದೂ ಸಿ ಶಾರ್ಪ್ ಕೆಲಸವೇ, ಆದ್ದರಿಂದ ಅದನ್ನು ನಾನು ಸೋಲೆಂದು ಬರೆದುಕೊಂಡಿಲ್ಲ. ಖರ್ಚು ಕಳೆದು ಕೈಯಲ್ಲಿ ಒಂದು ಲಕ್ಷದ ಮೇಲೆ ಉಳಿಯಿತು.

ಮುಂದಿನ ತಂಡ, ದತ್ತಾಂಶದ ಕೆಲಸಕ್ಕಿದ್ದ ಹಳೆಯ ಭಾಷೆಯಾದ ಫಾಕ್ಸ್‌ಪ್ರೋ ಜನರದು. ಅವರ ಕಷ್ಟ ಬೇರೆ: ಅವರಿಗೆ ಫಾರ್ಮೆಂದರೆ ಟೇಬಲ್ಲಿಗೆ ತೆರೆದ ಕಿಟಕಿ, ನಡುವೆ ಒಂದು ವಸ್ತು ಏಕೆ ಬೇಕೆಂಬುದೇ ಪ್ರಶ್ನೆ. ಟೇಬಲ್ಲಿಗೆ ಹೋಗುವ ನೆಟ್‌ವರ್ಕ್ ತಂತಿಯನ್ನು ಕಿತ್ತು ಪಾಠ ಶುರುಮಾಡೋಣವೆಂದಿದ್ದೇನೆ. ಉದ್ದನೆಯದೊಂದು ತಂತಿಯನ್ನು, ನನ್ನ ಕುರ್ಚಿಯಿಂದಲೇ ಕೀಳುವಂತೆ, ಈಗಾಗಲೇ ಎಳೆಸಿಟ್ಟಿದ್ದೇನೆ.