ಬ್ಯಾಂಡ್ ಬೀದಿಗಿಳಿಯುವ ದಿನ ಮನೆಯಲ್ಲಿ ಕೂರಬೇಡಿ

ಅಮೆರಿಕದ ಓಹಾಯೋಗೆ ಹೊಸದಾಗಿ ಬಂದು ಮಕ್ಕಳನ್ನು ಹೈಸ್ಕೂಲಿಗೆ ಸೇರಿಸುವ ನಮ್ಮವರು ಮೊದಲು ವಿಚಾರಿಸುವುದು ಗಣಿತ ಯಾವ ಹಂತದ್ದು, ಕಾಲೇಜು ಮಟ್ಟದ ಎಪಿ ತರಗತಿಗಳು ಎಷ್ಟಿವೆ ಎಂದು. ವಾದ್ಯ ನುಡಿಸುತ್ತ ಸಾಲಾಗಿ ಹೆಜ್ಜೆ ಹಾಕುವ ಶಾಲೆಯ ಮಾರ್ಚಿಂಗ್ ಬ್ಯಾಂಡ್ ಮಾತು ಬಂದರೆ ‘ಓದಿಗೆ ತೊಂದರೆಯಲ್ಲವೇ?’ ಎಂದು ಹಿಂಜರಿಯುತ್ತಾರೆ. ಮಗುವಿಗೆ ಮನಸ್ಸಿದ್ದರೆ ದಯವಿಟ್ಟು ಸೇರಲು ಬಿಡಿ. ಮನಸ್ಸಿಲ್ಲದಿದ್ದರೂ ಊರಿನ ಮೆರವಣಿಗೆಯ ದಿನ ನೀವಂತೂ ಬೀದಿಗೆ ಬನ್ನಿ.

ವೈದ್ಯರ ತಪಾಸಣಾ ಪತ್ರ, ಶುಲ್ಕ, ಸಮವಸ್ತ್ರದ ಅಳತೆ ಎಲ್ಲವನ್ನೂ ಶಾಲೆಯವರೇ ಹೇಳುತ್ತಾರೆ. ದೊಡ್ಡ ವಾದ್ಯಗಳನ್ನು ಸಾಮಾನ್ಯವಾಗಿ ಶಾಲೆ ಕೊಡುತ್ತದೆ. ಕ್ಲಾರಿನೆಟ್, ಟ್ರಂಪೆಟ್ ಬಾಡಿಗೆಗೆ ಸಿಗುತ್ತವೆ, ಮೊದಲ ವರ್ಷವೇ ಕೊಳ್ಳಬೇಡಿ. ಎರಡು ಪೂರ್ಣ ಸೀಸನ್ ಬ್ಯಾಂಡಿನಲ್ಲಿದ್ದವರಿಗೆ ವ್ಯಾಯಾಮ ತರಗತಿಯಿಂದ ವಿನಾಯಿತಿ ಕೊಡಲು ಇಲ್ಲಿನ ಕಾನೂನು ಶಾಲಾ ಮಂಡಳಿಗೆ ಅವಕಾಶ ಕೊಟ್ಟಿದೆ. ನಿಮ್ಮ ಶಾಲೆಯಲ್ಲಿ ಉಂಟೇ ಎಂದು ಕೇಳಿಕೊಳ್ಳಿ. ಇಲ್ಲಿನ ಮಕ್ಕಳು ಐದು, ಆರನೇ ತರಗತಿಯಲ್ಲೇ ವಾದ್ಯ ಹಿಡಿದಿರುತ್ತಾರೆ. ತಡವಾಗಿ ಬಂದ ಮಗು ಬಾವುಟ ಬೀಸುವ ಕಲರ್ ಗಾರ್ಡ್ ಸೇರಬಹುದು. ಮೃದಂಗ, ತಬಲಾ ಕಲಿತು ಲಯ ಗಟ್ಟಿಯಿರುವ ಮಗುವಾದರೆ ಡ್ರಮ್ ವಿಭಾಗದಲ್ಲಿ ಕೇಳಿ ನೋಡಿ. ಸ್ಯಾಕ್ಸೋಫೋನ್ ನಮ್ಮ ವಾದ್ಯವಲ್ಲ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಕದ್ರಿ ಗೋಪಾಲನಾಥರ ಕಛೇರಿಯೊಂದನ್ನು ಕೇಳಿಸಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿಯೇ ಅವರು ಅದಕ್ಕೆ ಮನಸೋತದ್ದು.

ಕ್ಯಾಲೆಂಡರನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಅಭ್ಯಾಸ ಶಿಬಿರವಾದ ಬ್ಯಾಂಡ್ ಕ್ಯಾಂಪ್ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಇರುತ್ತದೆ. ಅದನ್ನು ತಪ್ಪಿಸಿಕೊಂಡ ಮಗುವಿಗೆ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ. ಊರಿಗೆ ಹೋಗುವುದಿದ್ದರೆ ಶಾಲೆ ಮುಗಿದ ವಾರವೇ ಹೊರಡಿ. ಶ್ರಾವಣಕ್ಕೆ, ವರಮಹಾಲಕ್ಷ್ಮಿ ವ್ರತಕ್ಕೆ ಅಜ್ಜಿಯ ಮನೆಯಲ್ಲಿರುವ ಆಸೆ ಬಿಡಬೇಕಾಗುತ್ತದೆ. ಅದು ಸಣ್ಣ ನಷ್ಟವಲ್ಲ. ನನ್ನ ಮಗಳು ಬ್ಯಾಂಡಿನಲ್ಲಿದ್ದಷ್ಟು ವರ್ಷವೂ ಅಮ್ಮ ಫೋನಿನಲ್ಲಿ ‘ಈ ಸಲವೂ ಹಬ್ಬಕ್ಕೆ ಇರುವುದಿಲ್ಲವೇನೇ ಪುಟ್ಟಿ?’ ಎಂದು ಕೇಳುತ್ತಿದ್ದರು. ಅವಳ ಬಳಿ ಉತ್ತರವಿರುತ್ತಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಶರತ್ಕಾಲದ ಶನಿವಾರಗಳಲ್ಲಿ ಬ್ಯಾಂಡ್ ಸ್ಪರ್ಧೆ. ಕನ್ನಡ ಸಂಘಗಳ ಗಣೇಶೋತ್ಸವವೂ ಬಹುಮಟ್ಟಿಗೆ ಶನಿವಾರವೇ. ಎರಡಕ್ಕೂ ಓಡಿಸಿ ಮಗುವನ್ನು ಹೈರಾಣು ಮಾಡಬೇಡಿ. ಯಾವುದನ್ನು ಬಿಡುವುದೆಂದು ಅದರ ಜೊತೆಗೇ ಕೂತು ಮಾತಾಡಿ. ಬಿಟ್ಟದ್ದಕ್ಕೆ ಮಗುವೂ ಸಂಕಟಪಡುತ್ತದೆ, ಅದನ್ನು ಗಮನಿಸಿ.

ಇನ್ನು ಮೆರವಣಿಗೆ. ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ನಮ್ಮವರಲ್ಲಿ ಅನೇಕರಿಗೆ ನಯಾಗರಾ ನೋಡಲು ಹೊರಡುವ ಉದ್ದನೆಯ ವಾರಾಂತ್ಯ. ಒಂದು ವರ್ಷ ಊರಿನಲ್ಲೇ ಉಳಿಯಿರಿ. ಯುದ್ಧದಲ್ಲಿ ಮಡಿದವರ ನೆನಪಿನ ದಿನವಾದ್ದರಿಂದ ‘ಹ್ಯಾಪಿ’ ಎಂದು ಶುಭಾಶಯ ಹೇಳಬೇಡಿ. ಬಾವುಟ ಎದುರು ಹಾದುಹೋಗುವಾಗ ಎದ್ದು ನಿಲ್ಲಿ. ಇಲ್ಲಿನ ಪೌರರು ಎದೆಯ ಮೇಲೆ ಕೈಯಿಡುತ್ತಾರೆ. ಪೌರತ್ವವಿಲ್ಲದವರು ನೆಟ್ಟಗೆ ನಿಂತರೆ ಸಾಕು. ಜಂಬೂಸವಾರಿಗೆ ಬೆಳಿಗ್ಗೆಯೇ ಜಾಗ ಹಿಡಿದು ಗೊತ್ತಿರುವ ನಮಗೆ ಮಡಚುವ ಕುರ್ಚಿ ಹಿಡಿದು ಮುಂಚೆಯೇ ಹೋಗುವುದನ್ನು ಯಾರೂ ಕಲಿಸಬೇಕಿಲ್ಲ.

ರಸ್ತೆಯ ತಿರುವಿನ ಬಳಿ ನಿಲ್ಲಿ. ಟ್ರಾಂಬೋನಿನವರು ಹೆಚ್ಚಾಗಿ ಮೊದಲ ಸಾಲಿನಲ್ಲಿರುತ್ತಾರೆ, ಚಾಚುವ ಕೊಳವೆ ಮುಂದಿರುವವರ ಬೆನ್ನಿಗೆ ತಾಗಬಾರದಲ್ಲ. ತಿರುವಿನಲ್ಲಿ ಒಳಬದಿಯ ಮಗು ನಿಂತಲ್ಲೇ ಎನ್ನುವಷ್ಟು ಕಿರುಹೆಜ್ಜೆ ಹಾಕುತ್ತದೆ, ಹೊರಬದಿಯದು ದಾಪುಗಾಲು. ಆದರೂ ಸಾಲು ಸೊಟ್ಟಗಾಗುವುದಿಲ್ಲ. ಐದು ಗಜಕ್ಕೆ ಎಂಟು ಹೆಜ್ಜೆ, ಹೆಜ್ಜೆಗೆ 22.5 ಅಂಗುಲ, ಹಿಮ್ಮಡಿ ಮೊದಲು ಎಂದು ಆಗಸ್ಟಿನ ಬಿಸಿಲಿನಲ್ಲಿ ಮೈಗೂಡಿಸಿಕೊಂಡದ್ದು ಅದು. ಹಾಡು ನಿಂತಾಗಲೂ ಡ್ರಮ್ ನಿಲ್ಲದು; ಎಲ್ಲರ ಕಾಲು ನಡೆಯುವುದು ಅದರ ಮೇಲೆ. ಮೆರವಣಿಗೆ ಸ್ಮಶಾನ ತಲುಪಿದ ಮೇಲೆ ಟ್ರಂಪೆಟಿನ ಒಬ್ಬ ಹುಡುಗನೋ ಹುಡುಗಿಯೋ ಮಡಿದ ಯೋಧರಿಗೆ ಸಲ್ಲಿಸುವ ‘ಟ್ಯಾಪ್ಸ್’ ಎಂಬ ರಾಗ ನುಡಿಸುತ್ತಾರೆ. ಒಟ್ಟು 24 ಸ್ವರಗಳು. ಆ ಹೊತ್ತಿಗೆ ಮೊಬೈಲ್ ಒಳಗಿಡಿ.

ಬ್ಯಾಂಡ್ ಪಕ್ಕದಲ್ಲಿ ನೀರು ಹಿಡಿದು ನಡೆಯಲು ಪಾಲಕರು ಬೇಕಾಗುತ್ತಾರೆ. ಹೆಸರು ಕೊಡಿ. ಬ್ಯಾಂಡ್ ನುಡಿಸುವ ಫುಟ್‌ಬಾಲ್ ಪಂದ್ಯದ ತಿಂಡಿ ಮಳಿಗೆಗೂ ಪಾಲಕರ ಕೈ ಬೇಕು; ಅಲ್ಲಿ ಮಾಂಸ ಮುಟ್ಟಲು ಸಂಕೋಚವಿದ್ದರೆ ಪಾಪ್‌ಕಾರ್ನ್ ಅಥವಾ ಹಣದ ಕೆಲಸ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ವರ್ಷಗಟ್ಟಲೆ ಪಕ್ಕದ ಬೀದಿಯಲ್ಲಿದ್ದೂ ತಲೆಯಾಡಿಸಿ ಹೋಗುತ್ತಿದ್ದವರು ನನ್ನನ್ನು ಹೆಸರು ಹಿಡಿದು ಕರೆದದ್ದು ನಾನು ನೀರಿನ ಬಾಟಲಿ ಹೊತ್ತು ಆ ಮಕ್ಕಳ ಜೊತೆ ನಡೆದ ಮೇಲೆಯೇ. ಕಚೇರಿ ನನಗೆ ಸಂಬಳ ಕೊಟ್ಟಿತ್ತು. ಊರು ಸಿಕ್ಕಿದ್ದು ಆ ರಸ್ತೆಯಲ್ಲಿ.

ಮೆರವಣಿಗೆ ಮುಗಿದ ಮೇಲೆ ಮಗುವಿನ ಸಾಲಿನವರನ್ನೆಲ್ಲ ಮನೆಗೆ ಕರೆಯಿರಿ. ಹಿಂದಿನ ದಿನವೇ ದೋಸೆಹಿಟ್ಟು ರುಬ್ಬಿಟ್ಟುಕೊಳ್ಳಿ, ಸ್ವಲ್ಪ ಧಾರಾಳವಾಗಿಯೇ. ಬಿಸಿಲಿನಲ್ಲಿ ನಡೆದು ಬಂದ ಮಕ್ಕಳು ಚೆನ್ನಾಗಿ ತಿನ್ನುತ್ತಾರೆ.