ಆಕ್ಸಿಡೆಂಟಲ್ಲಿ ಬದುಕೇ ಬದಲಾಗೋಂಥ ಗಾಯ ಆದ್ರೆ ಪರಿಹಾರ ಕೇಳೋದು ಹೇಗೆ

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗೋದು, ಕಾಲು ತೆಗೀಬೇಕಾಗೋದು, ತಲೆಗೆ ಏಟಾಗಿ ಮನೆಯವರ ಗುರುತೇ ಸಿಗದಂಗೆ ಆಗೋದು, ಇಂಥದ್ರಲ್ಲಿ ಜೀವ ಉಳೀತಲ್ಲ ಅಂತ ಸಮಾಧಾನ ಮಾಡ್ಕೊಂಡು ಆಸ್ಪತ್ರೆ ಬಿಲ್ ವಾಪಸ್ ಬಂದ್ರೆ ಸಾಕು ಅಂದ್ಕೊಳ್ಳೋರೇ ಜಾಸ್ತಿ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸ್ಬೇಡಿ. ಎಂವಿಸಿ ಕೇಸಲ್ಲಿ (ಆಕ್ಸಿಡೆಂಟ್ ಪರಿಹಾರಕ್ಕೆ ಅಂತಲೇ ಇರೋ ಟ್ರಿಬ್ಯೂನಲ್, ಅಂದ್ರೆ ಕೋರ್ಟಲ್ಲಿ ಹಾಕೋ ಕೇಸು) ಮುಂದಿನ ದುಡಿಮೆ ಹೋಗಿದ್ದಕ್ಕೆ, ನೋಡ್ಕೊಳ್ಳೋರ ಖರ್ಚಿಗೆ, ಮುಂದಿನ ಚಿಕಿತ್ಸೆಗೆ, ಪಟ್ಟ ನೋವಿಗೆ ಎಲ್ಲಾ ಬೇರೆ ಬೇರೆಯಾಗಿ ಕೇಳ್ಬಹುದು.

ಮೊದಲು ಟೈಮ್ ನೋಡ್ಕೊಳಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರೋ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಆಕ್ಸಿಡೆಂಟ್ ಆದ 6 ತಿಂಗಳೊಳಗೆ ಅರ್ಜಿ ಹಾಕ್ಬೇಕು, ಚಿಕಿತ್ಸೆ ಪೂರ್ತಿ ಮುಗೀಲಿ ಅಂತ ಕಾಯೋದು ಬೇಡ. ಆಕ್ಸಿಡೆಂಟ್ ಆದ ಊರಲ್ಲೇ ಹಾಕ್ಬೇಕು ಅಂತಿಲ್ಲ, ನೀವಿರೋ ಊರಿನ ಟ್ರಿಬ್ಯೂನಲ್ಲೂ ನಡೆಯುತ್ತೆ. ಗಾಯಾಳುಗೆ ಪ್ರಜ್ಞೆ ಇಲ್ಲ ಅಂದ್ರೆ ಅವರ ಪರವಾಗಿ ಹೆಂಡ್ತಿನೋ ತಾಯಿನೋ ಹಾಕ್ಬಹುದು.

ಯಾರಾದ್ರೂ ಬಂದು ಯಾರ ತಪ್ಪು ಅಂತ ಪ್ರೂವ್ ಮಾಡೋದೇ ಬೇಡ, ಅದೇ ಕಾಯ್ದೆಯ ಸೆಕ್ಷನ್ 164ರಲ್ಲಿ ಬೇಗ ದುಡ್ಡು ಬರುತ್ತೆ ಅಂದ್ರೆ ಒಂದು ನಿಮಿಷ ನಿಲ್ಲಿ. ಅದ್ರಲ್ಲಿ ತೀವ್ರ ಗಾಯಕ್ಕೆ ಸಿಗೋದು 2.5 ಲಕ್ಷ ಅಷ್ಟೇ, ಅದನ್ನ ಒಪ್ಕೊಂಡು ತಗೊಂಡ್ರೆ ತಪ್ಪು ಪ್ರೂವ್ ಮಾಡಿ ಪೂರ್ತಿ ಪರಿಹಾರ ಕೇಳೋ ಸೆಕ್ಷನ್ 166ರ ದೊಡ್ಡ ಅರ್ಜಿ ಬಿದ್ದೋಗುತ್ತೆ. ಜೀವನಪೂರ್ತಿ ಹಾಸಿಗೆ ಹಿಡಿದವರಿಗೆ ಅದು ಯಾವ ಮೂಲೆಗೂ ಸಾಲಲ್ಲ.

ಎಫ್‌ಐಆರ್, ಸ್ಪಾಟ್ ಮಹಜರ್, ಐಎಂವಿ ರಿಪೋರ್ಟ್ (ಗಾಡಿ ತಪಾಸಣೆ ವರದಿ), ಚಾರ್ಜ್‌ಶೀಟ್, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋ ಪತ್ರ) ಎಲ್ಲದರ ಕಾಪಿ ಬೇಕು. ಅದಕ್ಕಿಂತ ಮುಂಚೆ, ಆಸ್ಪತ್ರೆಗೆ ಸೇರಿಸ್ದಾಗ ಎಂಎಲ್‌ಸಿಲಿ (ಪೊಲೀಸ್ ಕೇಸಾಗೋ ಗಾಯಕ್ಕೆ ಆಸ್ಪತ್ರೆ ಬರೆಯೋ ದಾಖಲೆ) ಏನು ಬರ್ಸಿದ್ದಾರೆ ಅಂತ ಓದಿ ನೋಡಿ. ಗಾಬರೀಲಿ ಯಾರೋ "ಬೈಕಿಂದ ಸ್ಕಿಡ್ ಆಗಿ ಬಿದ್ರು" ಅಂದಿರ್ತಾರೆ, ಅದೊಂದು ಸಾಲು ಹಿಡ್ಕೊಂಡು ಇನ್ಶೂರೆನ್ಸ್ ವಕೀಲರು ಲಾರಿ ಗುದ್ದೇ ಇಲ್ಲ ಅಂತ ವಾದ ಮಾಡ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಡಾಕ್ಟರು ಕಾಲಿಗೆ 60% ಡಿಸೆಬಿಲಿಟಿ ಅಂತ ಕೊಟ್ರೆ ನಮ್ಮ ಟ್ರಿಬ್ಯೂನಲ್‌ಗಳಲ್ಲಿ ಸಾಮಾನ್ಯವಾಗಿ ಅದ್ರ ಮೂರನೇ ಒಂದು ಭಾಗ, ಅಂದ್ರೆ 20%, ಇಡೀ ದೇಹಕ್ಕೆ ಅಂತ ಹಿಡೀತಾರೆ. ಆದ್ರೆ ದುಡಿಮೆ ಎಷ್ಟು ಹೋಯ್ತು ಅನ್ನೋದು ಬೇರೆ ಲೆಕ್ಕ ಅಂತ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪಲ್ಲಿ ಹೇಳಿದೆ, ಎಡಗೈ ಹೋದ್ರೆ ಸರ್ಕಾರಿ ಗುಮಾಸ್ತನ ಕೆಲ್ಸ ಉಳೀಬಹುದು, ಡ್ರೈವರ್‌ಗೋ ಬಡಗಿಗೋ ಹೆಚ್ಚುಕಮ್ಮಿ 100% ನಷ್ಟ. 28 ವರ್ಷದ ಲಾರಿ ಡ್ರೈವರ್, ತಿಂಗಳಿಗೆ 15,000 ಅಂತ ಇಟ್ಕೊಳಿ. ಮುಂದೆ ಆದಾಯ ಏರೋದಕ್ಕೆ 40% ಸೇರಿಸಿ 21,000, ಅದು 12 ತಿಂಗಳು, ಆ ವಯಸ್ಸಿನ ಮಲ್ಟಿಪ್ಲೈಯರ್ (ವಯಸ್ಸು ನೋಡಿ ವರ್ಷದ ಆದಾಯವನ್ನ ಗುಣಿಸೋ ಅಂಕಿ) 17, 100% ನಷ್ಟ ಅಂತ ಹಿಡಿದ್ರೆ ಒಟ್ಟು 42,84,000. ಅದನ್ನೇ 20%ಗೆ ಹಾಕಿದ್ರೆ 8,56,800. ವ್ಯತ್ಯಾಸ ನೋಡಿ! ಅದಕ್ಕೇ ಡಿಎಲ್, ಬ್ಯಾಡ್ಜ್, ಮಾಲೀಕರ ಸಾಕ್ಷಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಹಾಜರುಪಡಿಸ್ಬೇಕು, ಡಾಕ್ಟರನ್ನ ಕೋರ್ಟಿಗೆ ಕರೆಸಿ "ಇವರು ಇನ್ನು ಲಾರಿ ಓಡ್ಸೋಕಾಗಲ್ಲ" ಅಂತ ಬಾಯಿಬಿಟ್ಟು ಹೇಳಿಸ್ಬೇಕು.

ನೋಡ್ಕೊಳ್ಳೋರ ಖರ್ಚನ್ನ ಎಷ್ಟೋ ವಕೀಲರು 50 ಸಾವಿರಾನೋ ಲಕ್ಷಾನೋ ಅಂತ ಒಂದು ಅಂಕಿ ಬರ್ದು ಮುಗಿಸ್ತಾರೆ, ಇದು ನಂಗೆ ತುಂಬಾ ಬೇಜಾರಾಗೋ ವಿಷ್ಯ. 2020ರಲ್ಲಿ 12 ವರ್ಷದ ಹುಡುಗಿಯೊಬ್ಬಳ ಕೇಸಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಅಟೆಂಡರ್‌ಗೆ ತಲಾ ತಿಂಗಳಿಗೆ 5,000ದಂತೆ 18 ಮಲ್ಟಿಪ್ಲೈಯರ್ ಹಾಕಿ 21,60,000 ಕೊಟ್ಟಿತ್ತು. ಇದನ್ನ ನಿಮ್ಮ ವಕೀಲರಿಗೆ ಹೇಳಿ. ಮನೆಯವರೇ ನೋಡ್ಕೊಳ್ತಿದ್ರೂ ಕೇಳಿ, ಅವರೂ ಕೆಲ್ಸ ಬಿಟ್ಟು ಕೂತಿರ್ತಾರೆ. ಕ್ಯಾತೆಟರ್, ಡೈಪರ್, ಫಿಸಿಯೋಥೆರಪಿ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸೋ ಕೃತಕ ಕಾಲು, ಇವುಕ್ಕೂ ಎಸ್ಟಿಮೇಟ್ ತಗೊಂಡಿಡಿ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಂಡ್ರೆ ಬೇಗ ಮುಗಿಯುತ್ತೆ ನಿಜ, ಆದ್ರೆ ಅದಕ್ಕೆ ಅಪೀಲ್ ಇಲ್ಲ, ಮೇಲಿನ ಲೆಕ್ಕ ಪೂರ್ತಿ ಹಾಕಿ ನೋಡಿದ್ಮೇಲೇ ಸೈನ್ ಮಾಡಿ. ದುಡ್ಡು ಬಂದ್ಮೇಲೂ ಒಂದು ಭಾಗ ಕೋರ್ಟ್ ಎಫ್‌ಡಿಲಿ ಇಡ್ಸುತ್ತೆ, ನಡುವೆ ಆಪರೇಷನ್ನೋ ಏನೋ ಬಂದ್ರೆ ಎಸ್ಟಿಮೇಟ್ ಲಗತ್ತಿಸಿ ಅದೇ ಟ್ರಿಬ್ಯೂನಲ್‌ಗೆ ಅರ್ಜಿ ಕೊಟ್ಟು ಬಿಡಿಸ್ಕೊಳ್ಳೋಕೆ ಕೇಳ್ಬಹುದು.