ಈಮ್ಯಾಕ್ಸ್‌ ಬಿಟ್ಟು ಏಳದೆ ವಿಡಿಯೋ ನೋಡಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್‌ನ ಬಫರ್ (ಬರಹ ತೆರೆದಿರುವ ಜಾಗ) ಒಳಗೆ ಅಕ್ಷರಗಳ ಮಧ್ಯೆ ನನ್ನ ವಿಡಿಯೋ ಓಡುವುದಿಲ್ಲ. ಚಿತ್ರ ಬರುವುದು ಎಂಪಿವಿ ಅನ್ನುವ ಪ್ಲೇಯರ್‌ನ ಬೇರೆ ಕಿಟಕಿಯಲ್ಲಿ. ಆದರೆ ಯಾವುದನ್ನು ನೋಡಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ಹಿಂದಕ್ಕೆ ಹೋಗಬೇಕು ಅನ್ನುವುದೆಲ್ಲ ಈಮ್ಯಾಕ್ಸ್‌ನಿಂದಲೇ. "ಇದು ಮೋಸ ಅಲ್ವಾ?" ಅಂದ ಗೆಳೆಯ. ಇರಬಹುದು. ವೆಬ್‌ಕಿಟ್ ಅನ್ನುವ ಬ್ರೌಸರ್ ಎಂಜಿನ್ ಸೇರಿಸಿ ಈಮ್ಯಾಕ್ಸನ್ನು ಕಂಪೈಲ್ ಮಾಡಿದರೆ ಎಕ್ಸ್‌ವಿಜೆಟ್ ಅನ್ನುವ ಸೌಲಭ್ಯದ ಮೂಲಕ ಬ್ರೌಸರನ್ನೇ ಬಫರ್ ಒಳಗೆ ತರಬಹುದು, ಅದನ್ನೂ ಮಾಡಿ ನೋಡಿದೆ. ಆಗ ವಿಡಿಯೋ ಜೊತೆ ಇಡೀ ಪುಟವೂ ಬಂತು. ನಾನು ತಪ್ಪಿಸಿಕೊಳ್ಳಬೇಕು ಅಂದುಕೊಂಡಿದ್ದೇ ಆ ಪುಟದಿಂದ.

ಪಾಠದ ವಿಡಿಯೋ ನೋಡುತ್ತಾ ಈಮ್ಯಾಕ್ಸ್‌ನ ಟಿಪ್ಪಣಿ ವ್ಯವಸ್ಥೆಯಾದ ಆರ್ಗ್ ಮೋಡ್‌ನಲ್ಲಿ ಟಿಪ್ಪಣಿ ಬರೆಯುವುದು ನನ್ನ ಅಭ್ಯಾಸ. ಒಂದು ವಾಕ್ಯ ಕೇಳು, ಬ್ರೌಸರ್‌ಗೆ ಹೋಗಿ ನಿಲ್ಲಿಸು, ವಾಪಸ್ ಬಂದು ಬರೆ, ಮತ್ತೆ ಹೋಗು. ಹೀಗೆ ಹೋದಾಗೆಲ್ಲ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ, ಅಲ್ಲಿ ಇನ್ಯಾವುದೋ ವಿಡಿಯೋ ಕಾಯುತ್ತಾ ಇರುತ್ತದೆ, ಒಂದು ಗಂಟೆ ಕಳೆದ ಮೇಲೆ ನೋಡಿದರೆ ಟಿಪ್ಪಣಿಯಲ್ಲಿ ಎರಡೇ ಸಾಲು. ತಪ್ಪು ನನ್ನದೇ, ಒಪ್ಪುತ್ತೇನೆ.

ಮೊದಲು ಬರೆದಿದ್ದು ಚಿಕ್ಕ ಫಂಕ್ಷನ್. ಕರ್ಸರ್ ಕೆಳಗಿನ ಲಿಂಕ್ ತೆಗೆದು ಎಂಪಿವಿಗೆ ಕೊಡುವುದು, ಅಷ್ಟೇ. ಎಂಪಿವಿ ತಾನೇ ವೈಟಿ-ಡಿಎಲ್‌ಪಿ ಅನ್ನುವ ಇನ್ನೊಂದು ಪ್ರೋಗ್ರಾಂ ಅನ್ನು ಕರೆದು, ಪುಟದ ವಿಳಾಸದಿಂದ ನಿಜವಾದ ವಿಡಿಯೋ ಎಲ್ಲಿದೆ ಅಂತ ಹುಡುಕಿಸಿಕೊಳ್ಳುತ್ತದೆ. ಎಂಪಿವಿಯನ್ನು ಓಡಿಸಲು ನಾನು ಬಳಸಿದ್ದು ಈಮ್ಯಾಕ್ಸ್‌ನ ಶೆಲ್-ಕಮಾಂಡ್ ಅನ್ನುವ ಫಂಕ್ಷನ್. ವಿಡಿಯೋ ಚೆನ್ನಾಗಿ ಶುರುವಾಯಿತು, ಖುಷಿಯಿಂದ ಟಿಪ್ಪಣಿ ಬರೆಯೋಣ ಅಂತ ಬಂದರೆ ಈಮ್ಯಾಕ್ಸ್ ಕಲ್ಲಿನ ಹಾಗೆ ಕೂತಿದೆ. ಪ್ಲೇಯರ್ ಮುಗಿಯುವ ತನಕ ಅದು ಕಾಯುತ್ತದೆ! ನಡೆಯುತ್ತಿರುವ ಕೆಲಸ ನಿಲ್ಲಿಸುವ ಕಂಟ್ರೋಲ್-ಜಿ ಒತ್ತಿದೆ, ವಿಡಿಯೋನೇ ಸತ್ತುಹೋಯಿತು. ಕಾಯದೇ ಓಡಿಸುವ ಸ್ಟಾರ್ಟ್-ಪ್ರೊಸೆಸ್ ಅಂತ ಬದಲಿಸಿದ ಮೇಲೆ ಎರಡೂ ತಮ್ಮ ಪಾಡಿಗೆ ತಾವು ಓಡಿದವು.

ಮುಂದಿನ ತಮಾಷೆ ಕೀಲಿಮಣೆಯದು. ಎಂಪಿವಿ ಕಿಟಕಿ ತೆರೆದ ಕೂಡಲೇ ಫೋಕಸ್ ಕಿತ್ತುಕೊಳ್ಳುತ್ತಿತ್ತು, ಅಂದರೆ ನಾನು ಒತ್ತಿದ ಕೀಲಿಗಳೆಲ್ಲ ಅದಕ್ಕೇ ಹೋಗುತ್ತಿದ್ದವು. ನಾನು ಗೊತ್ತಿಲ್ಲದೆ ಟೈಪ್ ಮಾಡುತ್ತಲೇ ಇದ್ದೆ, ಪದದಲ್ಲಿ ಒಂದು 'ಕ್ಯೂ' ಬಂತು, ಕಿಟಕಿ ಮಾಯ. ಎಂಪಿವಿಯಲ್ಲಿ ಕ್ಯೂ ಅಂದರೆ ಮುಚ್ಚು ಅಂತ. ಈಗ ಕಿಟಕಿಗಳನ್ನು ನೋಡಿಕೊಳ್ಳುವ ವಿಂಡೋ ಮ್ಯಾನೇಜರ್‌ಗೆ ಒಂದು ನಿಯಮ ಬರೆದು ಆ ಕಿಟಕಿಗೆ ಫೋಕಸ್ ಸಿಗದ ಹಾಗೆ ಮಾಡಿದ್ದೇನೆ. ಜೊತೆಗೆ ಆಟೋಫಿಟ್ 40% (ಪರದೆಯ 40% ಅಳತೆ), ಆನ್‌ಟಾಪ್ (ಯಾವಾಗಲೂ ಮೇಲೆ). ಮೂಲೆಯಲ್ಲಿ ಸುಮ್ನೆ ಇರುತ್ತದೆ. ಅಷ್ಟು ಚಿಕ್ಕ ಕಿಟಕಿಗೆ 4ಕೆ ಯಾಕೆ ಬೇಕು? ಫಾರ್ಮ್ಯಾಟ್ ಆಯ್ಕೆಯಲ್ಲಿ ಎತ್ತರ 720ಕ್ಕಿಂತ ಜಾಸ್ತಿ ಬೇಡ ಅಂತ ಬರೆದೆ, ವಿಡಿಯೋ ಬೇಗ ಶುರುವಾಗತೊಡಗಿತು.

ಹೊಸ ವಿಡಿಯೋಗಳ ಪಟ್ಟಿಗೆ ಈಮ್ಯಾಕ್ಸ್‌ನಲ್ಲಿ ಫೀಡ್ ಓದುವ ಪ್ಯಾಕೇಜ್ ಎಲ್‌ಫೀಡ್. ಯೂಟ್ಯೂಬ್‌ನ ಪ್ರತಿ ಚಾನೆಲ್‌ಗೂ ಆರ್‌ಎಸ್‌ಎಸ್ ಫೀಡ್ (ಹೊಸ ವಿಡಿಯೋಗಳ ಪಟ್ಟಿ ಕೊಡುವ ವಿಳಾಸ) ಇದೆ, ಲಾಗಿನ್ ಬೇಕಿಲ್ಲ, ಚಾನೆಲ್ ಐಡಿ ಸೇರಿಸಿದರೆ ಸಾಕು. ಕೊನೆಯ 15 ವಿಡಿಯೋ ಮಾತ್ರ ಬರುತ್ತವೆ, ಹಳೆಯವು ಬೇಕಿದ್ದರೆ ಬೇರೆ ದಾರಿ ನೋಡಬೇಕು. ಆ ಫೀಡ್‌ಗಳಿಗೆ 'ವಿಡಿಯೋ' ಅಂತ ಟ್ಯಾಗ್ ಹಾಕಿ, ಸಾಲಿನ ಮೇಲೆ 'ವಿ' ಒತ್ತಿದರೆ ನನ್ನ ಫಂಕ್ಷನ್ ಓಡುವ ಹಾಗೆ ಮಾಡಿದೆ. ಪಟ್ಟಿಯಲ್ಲಿ ತಾರೀಖು, ತಲೆಬರಹ, ಚಾನೆಲ್ ಹೆಸರು, ಅಷ್ಟೇ. ಕಣ್ಣು ಅಗಲ ಮಾಡಿಕೊಂಡ ಮುಖದ ಚಿತ್ರ ಒಂದೂ ಇಲ್ಲ. ಇದರಿಂದಲೇ ನಾನು ನೋಡುವ ವಿಡಿಯೋ ಅರ್ಧಕ್ಕೆ ಇಳಿಯಿತು ಅನ್ನಿಸುತ್ತದೆ.

ನಿಜವಾದ ಮಜಾ ಎಂಪಿವಿ-ಡಾಟ್-ಇಎಲ್ ಪ್ಯಾಕೇಜ್ ಹಾಕಿಕೊಂಡ ಮೇಲೆ. ಎಂಪಿವಿ ಒಂದು ಸಾಕೆಟ್ (ಬೇರೆ ಪ್ರೋಗ್ರಾಂ ಮಾತಾಡಿಸಲು ಬಾಗಿಲು) ತೆರೆದಿಟ್ಟುಕೊಳ್ಳಬಲ್ಲದು, ಅದರಲ್ಲಿ ಜೇಸನ್ ಅನ್ನುವ ಪಠ್ಯ ರೂಪದಲ್ಲಿ 'ನಿಲ್ಲು', 'ಹಿಂದೆ ಹೋಗು', 'ಈಗ ಎಷ್ಟನೇ ಸೆಕೆಂಡ್?' ಅಂತ ಕೇಳಬಹುದು. ಪ್ಯಾಕೇಜ್ ಆ ಮಾತುಕತೆಯನ್ನೆಲ್ಲ ನೋಡಿಕೊಳ್ಳುತ್ತದೆ. ಎಫ್6ಕ್ಕೆ ನಿಲ್ಲಿಸು-ಓಡಿಸು, ಎಫ್7ಕ್ಕೆ ಹಿಂದಕ್ಕೆ, ಎಫ್8ಕ್ಕೆ ಸಮಯ ಬರೆ. ಎಫ್8 ಒತ್ತಿದರೆ ಕರ್ಸರ್ ಇದ್ದಲ್ಲಿ 0:17:42 ಅಂತ ಬೀಳುತ್ತದೆ, ಪಕ್ಕದಲ್ಲಿ ನಾನು 'ರಿಕರ್ಷನ್ ಎಲ್ಲಿ ನಿಲ್ಲಬೇಕು ಅನ್ನೋದನ್ನ ಮೊದಲು ಬರೆ' ಅಂತ ಬರೆದುಕೊಳ್ಳುತ್ತೇನೆ. ಕೈ ಕೀಲಿಮಣೆ ಬಿಟ್ಟು ಏಳುವುದೇ ಇಲ್ಲ. ಆರ್ಗ್‌ನ ಒಂದು ಹುಕ್‌ಗೆ (ನಮ್ಮ ಫಂಕ್ಷನ್ ಸಿಕ್ಕಿಸಲು ಇರುವ ಜಾಗ) ಪ್ಯಾಕೇಜ್‌ನ ಇನ್ನೊಂದು ಫಂಕ್ಷನ್ ಸೇರಿಸಿಟ್ಟರೆ, ಆ ಸಮಯದ ಮೇಲೆ ಕಂಟ್ರೋಲ್-ಸಿ ಕಂಟ್ರೋಲ್-ಓ ಒತ್ತಿದಾಗ ವಿಡಿಯೋ ಸೀದಾ ಅಲ್ಲಿಗೆ ಹಾರುತ್ತದೆ.

ಇಲ್ಲೂ ಎರಡು ಸಲ ಎಡವಿದೆ. ಒಂದು, ಲಿಂಕನ್ನು ಎಂಪಿವಿ-ಪ್ಲೇಗೆ ಕೊಟ್ಟೆ, ಏನೂ ಓಡಲಿಲ್ಲ. ಅದು ಫೈಲ್‌ಗೆ ಅಂತ ಇರುವ ಕಮಾಂಡ್, ಹಾಗಾಗಿ ನನ್ನ ಹೋಮ್ ಫೋಲ್ಡರ್‌ನ ದಾರಿಯನ್ನು ಲಿಂಕ್‌ನ ಮುಂದೆ ಅಂಟಿಸಿ, ಅಂಥ ಫೈಲನ್ನು ಹುಡುಕುತ್ತಿತ್ತು. ಲಿಂಕ್‌ಗೆ ಎಂಪಿವಿ-ಪ್ಲೇ-ಯುಆರ್‌ಎಲ್ ಬಳಸಬೇಕು. ಇನ್ನೊಂದು, ಹಳೆಯ ಟಿಪ್ಪಣಿ ತೆರೆದು ಸಮಯದ ಮೇಲೆ ಒತ್ತಿದೆ, ಆಗ ಓಡುತ್ತಿದ್ದ ಬೇರೆ ಯಾವುದೋ ವಿಡಿಯೋ 17ನೇ ನಿಮಿಷಕ್ಕೆ ಹಾರಿತು. ಅದಕ್ಕೆ ಗೊತ್ತಿರುವುದು ಸಮಯ ಮಾತ್ರ, ಯಾವ ವಿಡಿಯೋ ಅಂತ ಗೊತ್ತಿಲ್ಲ. ಅದಕ್ಕೇ ಈಗ ಪ್ರತಿ ತಲೆಬರಹದ ಕೆಳಗೆ ಪ್ರಾಪರ್ಟಿಯಾಗಿ ಲಿಂಕ್ ಇಟ್ಟು, ಮೊದಲು ಅದನ್ನು ಓಡಿಸುತ್ತೇನೆ.

ಒಂದು ದಿನ ಇದ್ದಕ್ಕಿದ್ದಂತೆ ಎಲ್ಲಾ ನಿಂತರೆ ಈಮ್ಯಾಕ್ಸ್‌ಗೆ ನೀವು ಬರೆದ ಲಿಸ್ಪ್ ಕೋಡ್ ಕೆದಕಲು ಹೋಗಬೇಡಿ, ನಾನು ಒಂದು ಸಂಜೆ ಪೂರ್ತಿ ಅದನ್ನೇ ಮಾಡಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಲಿಂಕನ್ನು ನೇರ ವೈಟಿ-ಡಿಎಲ್‌ಪಿಗೆ ಕೊಟ್ಟು ನೋಡಿ. ಸೈಟ್‌ಗಳು ಒಳಗೆ ಏನಾದರೂ ಬದಲಾಯಿಸುತ್ತಲೇ ಇರುತ್ತವೆ, ಹಳೆಯ ಆವೃತ್ತಿಗೆ ಅದು ತಿಳಿಯುವುದಿಲ್ಲ, 403 (ಅನುಮತಿ ಇಲ್ಲ) ಅಂತ ಬೈದು ಸುಮ್ಮನಾಗುತ್ತದೆ. ಲಿನಕ್ಸ್ ಜೊತೆ ಬರುವ ಪ್ಯಾಕೇಜ್ ಎಷ್ಟೋ ಸಲ ತಿಂಗಳುಗಟ್ಟಲೆ ಹಿಂದೆ ಇರುತ್ತದೆ, ಹಾಗಾಗಿ ನಾನು ಪೈಥಾನ್‌ನ ಪ್ಯಾಕೇಜ್ ಸಾಧನ ಪಿಪ್‌ನಿಂದ ಹಾಕಿಕೊಂಡಿದ್ದೇನೆ. ಟರ್ಮಿನಲ್‌ನಲ್ಲಿ ಓಡಿ ಈಮ್ಯಾಕ್ಸ್‌ನಲ್ಲಿ ಮಾತ್ರ ಓಡದಿದ್ದರೆ, ವಿಶೇಷವಾಗಿ ಮ್ಯಾಕ್‌ನಲ್ಲಿ, ಪಾತ್ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ನೋಡಿ.

ಕಾಮೆಂಟ್ ಓದಬೇಕು ಅನ್ನಿಸಿದರೆ ಎಲ್‌ಫೀಡ್‌ನಲ್ಲಿ 'ಬಿ' ಒತ್ತಿ ಬ್ರೌಸರ್‌ಗೇ ಹೋಗುತ್ತೇನೆ. ಬರೀ ಮಾತುಕತೆಯ ವಿಡಿಯೋಗಳಿಗೆ ಇನ್ನೊಂದು ಕೀಲಿ ಇಟ್ಟಿದ್ದೇನೆ, ಅದು ನೋ-ವಿಡಿಯೋ ಅಂತ ಹೇಳಿ ಎಂಪಿವಿಯನ್ನು ಕರೆಯುತ್ತದೆ. ಆಗ ಕಿಟಕಿಯೇ ಇಲ್ಲ, ದನಿ ಮಾತ್ರ. ಮೋಸ ಅಂದಿದ್ದ ಗೆಳೆಯನಿಗೆ ಮೊನ್ನೆ ಅದನ್ನೇ ತೋರಿಸಿದೆ. "ಇದರಲ್ಲಿ ವಿಡಿಯೋ ಎಲ್ಲಿದೆ?" ಅಂದ.